ನಲವತ್ತಾರು ಕಿಲೋ ಭಾರಕ್ಕೆ ಬಿಗಿದ ಬೋಲ್ಟ್

ಕಳೆದ ವರ್ಷದ ಮಾತು. ಸುದ್ದಗುಂಟೆಪಾಳ್ಯದಲ್ಲಿ ನನ್ನ ಕಾರ್ ಗ್ಯಾರೇಜು. ಪಾಲುದಾರ ಬಿಟ್ಟು ಹೋಗಿದ್ದ. ಸ್ಪ್ಯಾನರ್ ಹಿಡಿಯುವವನೂ ನಾನೇ, ಫೋನ್ ಎತ್ತುವವನೂ ನಾನೇ. ಕೆಲವು ದಿನ ಸಂಜೆಯವರೆಗೆ ಒಂದು ಮಾತಾಡಲೂ ಜನ ಇರುತ್ತಿರಲಿಲ್ಲ.

ಆಗ ಬಂದವರು ಈರಣ್ಣ. ಗದಗದವರು, ಪಕ್ಕದ ಬಿಟಿಎಂ ಬಡಾವಣೆಯಲ್ಲಿ ಬಾಡಿಗೆ ಮನೆ, ಆಫೀಸ್ ಕೆಲಸ. ಹದಿನಾರು ವರ್ಷ ಹಳೆಯ ಸಣ್ಣ ಕಾರು. ಹಂಪ್ ಹತ್ತಿದರೆ ಮುಂದೆ ಕಟಕ್ ಎನ್ನುತ್ತಿತ್ತು. ಅವರ ಹೆಂಡತಿ ಬೆನ್ನುಮೂಳೆಯ ಆಪರೇಷನ್ ಆಗಿ ಆರು ತಿಂಗಳಿಂದ ಗದಗದ ತವರಿನಲ್ಲೇ ಇದ್ದರು.

"ಬಸ್ಸಿನಾಗ ಕುಂದ್ರಾಕ ಆಗಂಗಿಲ್ಲ ಅಕೀಗೆ. ಕಾರು ಕುಲುಕಲಿಲ್ಲಂದ್ರ ಕರ್ಕೊಂಡ್ ಬರ್ತೀನ್ರಿ," ಎಂದರು.

ಚಕ್ರವನ್ನು ಹಿಡಿದಿಡುವ ಕಬ್ಬಿಣದ ತೋಳಿಗೆ ಲೋಯರ್ ಆರ್ಮ್ ಎನ್ನುತ್ತೇವೆ. ಅದು ಕಾರಿನ ಚೌಕಟ್ಟಿಗೆ ಸೇರುವಲ್ಲಿ ರಬ್ಬರ್ ಬುಷ್ ಇರುತ್ತದೆ. ರಸ್ತೆಯ ಏಟು ತಿನ್ನುವುದು ಅದೇ. ಎರಡೂ ಕಡೆಯವು ಸೇರಿ ನಾಲ್ಕೂ ಹರಿದಿದ್ದವು. ಹೊಸದು ಹಾಕಿದೆ. ತಪ್ಪಿದ್ದು ಕೊನೆಯಲ್ಲಿ. ಕಾರು ನೆಲಕ್ಕಿಳಿದು ತನ್ನ ಭಾರದ ಮೇಲೆ ನಿಂತಾಗ ಬೋಲ್ಟ್ ಬಿಗಿಯಬೇಕು. ಚಕ್ರ ಗಾಳಿಯಲ್ಲಿ ನೇತಾಡುವಾಗ ಬಿಗಿದರೆ, ಇಳಿಸಿದ ಕೂಡಲೇ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಊಟದ ಹೊತ್ತು ಮೀರಿತ್ತು, ಜಾಕ್ ಮೇಲಿದ್ದಾಗಲೇ ಬಿಗಿದುಬಿಟ್ಟೆ.

ಮೂರು ವಾರದ ನಂತರ ಈರಣ್ಣ ಗದಗಕ್ಕೆ ಹೋಗಿ ಒಬ್ಬರೇ ವಾಪಸ್ ಬಂದರು. ಊರು ದಾಟುವ ಮೊದಲೇ ಹೆಂಡತಿ ನೋವು ತಡೆಯಲಾರದೆ ಇಳಿದುಬಿಟ್ಟಿದ್ದರಂತೆ. ಕಾರಿನ ಕೆಳಗೆ ಇಣುಕಿದೆ. ಬುಷ್ ಹರಿದಿತ್ತು.

"ಬೈದ್ಬಿಡಿ ಸಾರ್. ತಪ್ಪು ನಂದೇ."

"ಬೈದ್ರ ಅಕಿ ಬರ್ತಾಳೇನ್ರಿ?"

ಮತ್ತೆ ಹೊಸ ಬುಷ್. ಈ ಸಲ ಕಾರನ್ನು ಪಿಟ್ ಮೇಲೆ, ಅಂದರೆ ಕೆಳಗಿಳಿದು ಕೆಲಸ ಮಾಡುವ ಗುಂಡಿಯ ಮೇಲೆ, ನಾಲ್ಕೂ ಚಕ್ರ ನೆಲದಲ್ಲಿರುವಂತೆ ನಿಲ್ಲಿಸಿದೆ. ಖಾಲಿ ಕಾರಿಗೂ ಜನ ಕೂತ ಕಾರಿಗೂ ಎತ್ತರದಲ್ಲಿ ಒಂದು ಬೆರಳಿನಷ್ಟೇ ವ್ಯತ್ಯಾಸ. ಅದನ್ನು ಲೆಕ್ಕಕ್ಕೆ ತಗೊಂಡರೆ ಎಷ್ಟೋ ಮೆಕ್ಯಾನಿಕ್‌ಗಳು ನಗುತ್ತಾರೆ. ಒಮ್ಮೆ ಕೆಡಿಸಿದವನಿಗೆ ನಗು ಬರುವುದಿಲ್ಲ. ಈರಣ್ಣನವರನ್ನು ಸ್ಟೇರಿಂಗ್ ಮುಂದೆ ಕೂರಿಸಿ, "ಮೇಡಂ ತೂಕ ಎಷ್ಟು ಸಾರ್?" ಎಂದೆ.

"ಐವತ್ತೆಂಟಿತ್ತು. ಈಗ... ಗೊತ್ತಿಲ್ರಿ."

ಸ್ಪೀಕರ್ ಹಾಕಿ ಫೋನ್ ಮಾಡಿದರು.

"ಶಾಂತಾ, ನಿನ್ನ ತೂಕ ಎಷ್ಟೈತಿ?"

"ಯಾಕ್ರಿ, ಕಿಲೋ ಲೆಕ್ಕದಾಗ ಮಾರಾವ್ರ ಅದೀರೇನು?"

"ಕಾರಿಗೆ ಬೇಕಂತ. ಹೇಳ್ ಹೇಳ್."

"ನಲವತ್ತಾರು."

ಈರಣ್ಣ ಫೋನ್ ಇಟ್ಟು ಮುಂದಿನ ಗಾಜನ್ನೇ ನೋಡುತ್ತ ಕೂತರು. ಗಾಜಿನಾಚೆ ಇದ್ದದ್ದು ನನ್ನ ಗ್ಯಾರೇಜಿನ ಗೋಡೆ.

ಪಕ್ಕದ ಗುಜರಿ ಅಂಗಡಿಯ ತಕ್ಕಡಿಯಲ್ಲಿ ನಲವತ್ತಾರು ಕಿಲೋ ಮರಳು ತೂಗಿ, ಮೂಟೆ ಕಟ್ಟಿ, ಎಡಗಡೆ ಸೀಟಿನಲ್ಲಿಟ್ಟೆ. ಈರಣ್ಣ ಅದಕ್ಕೆ ಸೀಟ್ ಬೆಲ್ಟ್ ಹಾಕಿದರು. ಪಿಟ್‌ಗೆ ಇಳಿದು ಬೋಲ್ಟ್ ಬಿಗಿದೆ.

ಮುಂದಿನ ಭಾನುವಾರ ಮಧ್ಯಾಹ್ನ ಒಬ್ಬನೇ ಕೂತು ಚಿತ್ರಾನ್ನ ತಿನ್ನುತ್ತಿದ್ದೆ. ಈರಣ್ಣನವರ ಫೋನ್ ಬಂತು. ದನಿ ತಗ್ಗಿಸಿ ಮಾತಾಡುತ್ತಿದ್ದರು.

"ಚಿತ್ರದುರ್ಗದ ಹತ್ರ ಚಾ ಕುಡ್ಯಾಕ ನಿಂತೀನ್ರಿ. ಅಕಿ ಇಳದಿಲ್ಲ."

ತುತ್ತು ತಟ್ಟೆಗೇ ಬಿಟ್ಟೆ. "ಯಾಕ್ ಸಾರ್, ನೋವಾ?"

"ಇಲ್ರಿ. ನಿದ್ದಿ ಹತ್ತೇತಿ."

ಇಪ್ಪತ್ತೆರಡು ವರ್ಷದ ಕೆಲಸ ನನಗೆ ಕಲಿಸಿದ್ದು ಇಷ್ಟು: ಕಾರಿನಲ್ಲಿ ಯಾರು ಕೂರುತ್ತಾರೆ ಎಂದು ಕೇಳದೆ ಕೊನೆಯ ಬೋಲ್ಟ್ ಬಿಗಿಯಬಾರದು. ಆ ಮಧ್ಯಾಹ್ನವೇ ಇದನ್ನು ಯಾರಿಗಾದರೂ ಹೇಳಬೇಕು ಅನ್ನಿಸಿತ್ತು. ತಿರುಗಿ ನೋಡಿದೆ, ಶೆಡ್ಡಿನಲ್ಲಿ ಯಾರೂ ಇರಲಿಲ್ಲ. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ.