ಸೋಮವಾರ ಹೂಡದ ಕಂಪ್ಯೂಟರ್

ಅಫಜಲಪುರದಲ್ಲಿ ನಮ್ಮ ಕಾಕಾನ ಔಷಧದ ಹೋಲ್‌ಸೇಲ್ ಅಂಗಡಿ ಇದೆ. ಅಂಗಡಿಯ ಮೂಲೆಯಲ್ಲಿ, ಟಾನಿಕ್ ಡಬ್ಬಿಗಳ ಪಕ್ಕ, ಒಂದು ಕಂಪ್ಯೂಟರ್ ಕೂತಿದೆ. ಅದರ ನಿಗಾ ನನ್ನದು. ನಾನಿರುವುದು ಆಳಂದದಲ್ಲಿ. ಕಂಪ್ಯೂಟರಿನ ನಿಗಾ ಇಲ್ಲಿಂದಲೇ ಆಗುತ್ತದೆ. ಕಾಕಾನ ನಿಗಾಕ್ಕೆ ಮಾತ್ರ ಬಸ್ಸು ಹತ್ತಬೇಕು.

ಅದರೊಳಗೆ ನಾನೊಂದು ಪ್ರೋಗ್ರಾಮ್ ಕೂರಿಸಿದ್ದೇನೆ. ನಮ್ಮ ಹಳೆಯ ಮನೆಗಳ ಪಡಸಾಲೆಯಲ್ಲಿ ಒಬ್ಬ ಹಿರಿಯರು ಕೂತೇ ಇರುತ್ತಿದ್ದರಲ್ಲ, ಯಾರಾದರೂ ಬಂದರೆ "ಯಾರು, ಏನಾಗಬೇಕಿತ್ತು?" ಎಂದು ಕೇಳಿ, ಜವಾಬು ಕೊಟ್ಟು, ಮತ್ತೆ ಬಾಗಿಲ ಕಡೆ ಮುಖ ಮಾಡಿ ಕೂರುತ್ತಿದ್ದರು. ಇದೂ ಅಷ್ಟೇ. ಆಳಂದದ ಮತ್ತು ಜೇವರ್ಗಿಯ ಅಂಗಡಿಯವರು ತಮ್ಮ ಪರದೆಯ ಮೇಲೆ ಔಷಧದ ಹೆಸರು ಬರೆದರೆ, ಆ ಪ್ರಶ್ನೆ ಬಂದು ಅಫಜಲಪುರದ ಕಂಪ್ಯೂಟರಿನ ಬಾಗಿಲು ಬಡಿಯುತ್ತದೆ. ಇದು "ಅದ" ಇಲ್ಲವೇ "ಇಲ್ಲ" ಎನ್ನುತ್ತದೆ. "ಅದ" ಎಂದರೆ ಸಂಜೆಯೊಳಗೆ ಸರಕು ಬಸ್ಸಿನಲ್ಲಿ ಬಂತೆಂದೇ ಲೆಕ್ಕ. ಹಿರಿಯರಿಗೂ ಇದಕ್ಕೂ ಇರುವ ವ್ಯತ್ಯಾಸವೆಂದರೆ, ಬಂದವರಿಗೆ ಇನ್ನೂ ಯಾಕೆ ಮದುವೆಯಾಗಿಲ್ಲ ಎಂದು ಇದು ಕೇಳುವುದಿಲ್ಲ.

ಆಳಂದದವರಿಗೆ ಇದೊಂದು ಅನುಕೂಲ. ಜೇವರ್ಗಿಯ ಅಂಗಡಿ ನಡೆಸುವವರಿಗೆ, ನಾವೆಲ್ಲ ಆಪಾ, ಅಂದರೆ ಅಕ್ಕ, ಎಂದು ಕರೆಯುವವರಿಗೆ, ಹಾಗಲ್ಲ. ಗಂಡ ತೀರಿಕೊಂಡ ಮೇಲೆ ಅಂಗಡಿಯ ಖುರ್ಚಿ ಹಿಡಿದವರು ಅವರು. ಜ್ವರ ಬಂದು ಕಿವಿ ಪೂರಾ ಹೋಗಿವೆ. ಗಿರಾಕಿಗಳು ಡಾಕ್ಟರ ಚೀಟಿ ತೋರಿಸುತ್ತಾರೆ, ಉಳಿದದ್ದನ್ನು ಆಪಾ ತುಟಿ ನೋಡಿ ತಿಳಿಯುತ್ತಾರೆ. ತೊಡಕು ಇರುವುದು ಕಾಕಾನಿಂದ ಸರಕು ತರಿಸುವ ಫೋನಿನಲ್ಲಿ. ಕಾಕಾನ ಹತ್ತಿರ ಇರುವುದು ಬಟನ್ ಫೋನು. ಅದರಲ್ಲಿ ಮೆಸೇಜು ಬಂದರೂ ಅವರು ತೆರೆಯುವುದಿಲ್ಲ. "ಫೋನ್ ಇರೂದು ಮಾತಾಡಾಕ" ಎನ್ನುತ್ತಾರೆ.

ಆಪಾರ ಮೈದುನ ಬಹಳ ದಿನದಿಂದ ಒಂದೇ ರಾಗ ಹಿಡಿದಿದ್ದ: "ಭಾಬಿ, ನಿಮಗ ಫೋನ್ ಕೇಳಂಗಿಲ್ಲ. ಅಂಗಡಿ ನಾ ನೋಡ್ಕೊತೇನಿ, ನೀವು ಮನ್ಯಾಗ ಆರಾಮ್ ಇರ್ರಿ." ಕಂಪ್ಯೂಟರ್ ಬಂದ ದಿನ ಆಪಾ ಪರದೆಯನ್ನು ಅವನ ಕಡೆ ತಿರುಗಿಸಿ, "ಇದು ನನ್ನ ಫೋನ್, ಬಾಬಾ. ಒದರೂದಿಲ್ಲ, ಅಷ್ಟ" ಎಂದರಂತೆ. ಅಲ್ಲಿಗೆ ರಾಗ ನಿಂತಿತ್ತು.

ಆಮೇಲೆ ಸೋಮವಾರಗಳು ಕೆಟ್ಟವು. ನನ್ನ ಮೊಬೈಲಿಗೆ ಆಪಾ ಬರೆದರು: "ಕಾಕಾರ ಮಿಶೀನ್ ಮಾತಾಡವಲ್ದು. ಮೈದುನ ಫೋನ್ ಹಿಡ್ಕೊಂಡು ಬಂದು ಸ್ಟೂಲಿನ ಮ್ಯಾಲ ಕುಂತಾನ." ಮಂಗಳವಾರ ಎಲ್ಲ ಸರಿಹೋಯಿತು. ಮುಂದಿನ ಸೋಮವಾರ ಮತ್ತೆ: "ಇವತ್ತು ಅವ ಖುರ್ಚಿ ಮ್ಯಾಲ. ಸ್ಟೂಲಿನ ಮ್ಯಾಲ ನಾ."

ಪ್ರೋಗ್ರಾಮ್ ಒಂದೇ ನಿಂತಿದ್ದರೆ, "ಇಲ್ಲಿ ಯಾರೂ ಇಲ್ಲ, ಹೋಗ್ರಿ" ಎಂಬ ಉತ್ತರವಾದರೂ ಕಂಪ್ಯೂಟರಿನಿಂದ ಥಟ್ಟನೆ ಬರುತ್ತಿತ್ತು. ಇಲ್ಲಿ ಅದೂ ಇಲ್ಲ. ಪಡಸಾಲೆ ಖಾಲಿಯಾದ ಲಕ್ಷಣ ಅಲ್ಲ ಇದು, ಮನೆಗೇ ಬೀಗ ಬಿದ್ದ ಲಕ್ಷಣ. ಕರೆಂಟಿನ ಬಗ್ಗೆ ಕಾಕಾನನ್ನು ಕೇಳಿದರೆ "ಭರ್ಜರಿ ಅದ" ಎಂದರು. ಅದರ ಮುಂದಿನ ಸೋಮವಾರ ಬೆಳಗಿನ ಬಸ್ಸು ಹತ್ತಿದೆ.

ಹೋಗಿ ನೋಡುತ್ತೇನೆ, ಫ್ಯಾನ್ ತಿರುಗುತ್ತಿದೆ. ಕಂಪ್ಯೂಟರ್ ಮಾತ್ರ ಬಂದ್ ಆಗಿದೆ. ಅದರ ಹಣೆಗೆ ಮೂರು ಬೆರಳು ವಿಭೂತಿ, ನೆತ್ತಿಯ ಮೇಲೊಂದು ದಾಸವಾಳ.

"ಕಾಕಾ, ಇದನ್ನ ಯಾರು ಬಂದ್ ಮಾಡ್ಯಾರ್ರಿ?"

"ನಾನೇ. ಸೋಮವಾರ ಅಲ್ಲೇನು?"

ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಕಾಕಾ ಹೊಲ ಬಿಟ್ಟು ಅಂಗಡಿಗೆ ಬಂದವರು. ಎತ್ತು ಮಾರಿದರು, ಸೋಮವಾರವನ್ನು ಮಾತ್ರ ಇಟ್ಟುಕೊಂಡರು.

"ಮೊದಲ ಬಂದ್ ಮಾಡ್ತಿದ್ದಿಲ್ಲಲ್ರಿ?"

"ಮೊದಲ ಅದು ದುಡಿತದ ಅಂತ ನನಗೇನು ಗೊತ್ತು? ನೀನ ಹೇಳಿದಿ, ಹಗಲೂ ರಾತ್ರಿ ನಿದ್ದಿ ಇಲ್ಲದ ಕೆಲಸ ಮಾಡ್ತದ ಅಂತ. ಕೇಳಿದ ಮ್ಯಾಲ ಹ್ಯಾಂಗ ಸುಮ್ಮನಿರ್ಲಿ?"

ಹೌದು, ಹೇಳಿದ್ದೆ. ಹೊಗಳುವ ಭರದಲ್ಲಿ.

"ಅದು ಏನೂ ಎಳಿಯಂಗಿಲ್ರಿ ಕಾಕಾ. ಬಾಗಿಲದಾಗ ಕುಂತಿರ್ತದ, ಅಷ್ಟ."

"ನೀ ಒಂದು ದಿನ ಕುಂತು ನೋಡಲೇ."

ಆಮೇಲೆ ಆಪಾರ ವಿಷಯ ಹೇಳಿದೆ. ಕಾಕಾ ಎಲೆಯಡಿಕೆ ಚೀಲ ಬಿಚ್ಚುವುದನ್ನು ನಿಲ್ಲಿಸಿದರು.

"ಖುರ್ಚಿ ಮ್ಯಾಲ ಅವ ಕುಂತಾನ?"

"ಹೌದ್ರಿ."

"ಆಕಿ ಸ್ಟೂಲಿನ ಮ್ಯಾಲ?"

"ಹೌದ್ರಿ."

ಎಲೆಗೆ ಸುಣ್ಣ ಹಚ್ಚಿದರು, ಮಡಚಿದರು, ಬಾಯಿಗೆ ಹಾಕಿಕೊಂಡರು. ಬಾಯಿ ತುಂಬಿದ ಮೇಲೆ ಮಾತಾಡಿದರು. "ಒಂಟಿ ಎತ್ತಿಂದು ಏನು ಒಕ್ಕಲುತನಲೇ. ಆಕೀ ಜೋಡಿ ಮುಯ್ಯಿ ಮಾಡು."

ಮುಯ್ಯಿ ಎಂದರೆ ಇವತ್ತು ನಿಮ್ಮ ಹೊಲಕ್ಕೆ ನಮ್ಮ ಆಳು, ನಾಳೆ ನಮ್ಮ ಹೊಲಕ್ಕೆ ನಿಮ್ಮ ಆಳು. "ಆಕೀ ಮಿಶೀನಿಗಿ ಸೋಮವಾರ ಇಲ್ಲ. ಅವತ್ತು ಅದು ಕುಂಡ್ರಲಿ. ಶುಕ್ರವಾರ ಆಕೀ ನಮಾಜಿಗಿ ಬಂದ್ ಮಾಡಿದಾಗ ನಮ್ಮದು ಅದ ಅಲ್ಲೇನು?" ಎಂದರು ಕಾಕಾ.

ಹಾಗೇ ಮಾಡಿದೆ. ಅದೇ ಪ್ರೋಗ್ರಾಮನ್ನು ಜೇವರ್ಗಿಯ ಕಂಪ್ಯೂಟರಿನಲ್ಲೂ ಕೂರಿಸಿದೆ. ಭಾನುವಾರ ಸಂಜೆ ಕಾಕಾನ ಸರಕಿನ ಲೆಕ್ಕ ಅಲ್ಲಿಗೆ ನಕಲಾಗುತ್ತದೆ. ಅಫಜಲಪುರದ ಬಾಗಿಲು ಬಡಿದು ಜವಾಬು ಬರದಿದ್ದರೆ, ಆಳಂದದ ಪ್ರಶ್ನೆ ತಾನಾಗಿ ಜೇವರ್ಗಿಗೆ ಹೋಗುತ್ತದೆ. ಏನೇನು ಕಳಿಸಬೇಕೆಂಬುದು ಜೇವರ್ಗಿಯಿಂದ ನೇರ ಕಾಕಾನ ಅಂಗಡಿಯ ಪ್ರಿಂಟರಿನಲ್ಲಿ ಅಚ್ಚಾಗುತ್ತದೆ.

"ಪ್ರಿಂಟರಿಗಿ ಸೋಮವಾರ ಇಲ್ಲೇನ್ರಿ?" ಎಂದು ಮೊದಲೇ ಕೇಳಿಕೊಂಡೆ.

"ಅದು ಮನಸ್ಸಿಗಿ ಬಂದಾಗ ನಿಲ್ತದ. ಅದಕ್ಕ ನಾವ್ಯಾಕ ಬ್ಯಾರೆ ರಜಾ ಕೊಡೂದು?"

ಮುಂದಿನ ಸೋಮವಾರ ನಾನು ಜೇವರ್ಗಿಯಲ್ಲಿದ್ದೆ. ಆಪಾ ಎಲ್ಲರಿಗಿಂತ ಮೊದಲು ಬಂದು ಖುರ್ಚಿಯಲ್ಲಿ ಕೂತಿದ್ದರು. ಆಳಂದದ ಪ್ರಶ್ನೆಗಳು ಬಂದು ಅವರ ಕಂಪ್ಯೂಟರಿನ ಬಾಗಿಲು ಬಡಿಯತೊಡಗಿದವು. ಒಂದೊಂದಕ್ಕೂ ಜವಾಬು ಹೋಗುವುದನ್ನು ಅವರು ಪರದೆಯ ಮೇಲೆ ನೋಡುತ್ತಿದ್ದರು. ಮೈದುನ ಎಂದಿನಂತೆ ಫೋನ್ ಹಿಡಿದು ಬಂದು, ಖುರ್ಚಿ ನೋಡಿ, ನಿಂತ.

ಅವನ ಫೋನ್ ರಿಂಗಾಯಿತು. ಕಾಕಾ.

ಪೂರಾ ಕೇಳಿಸಿಕೊಂಡು, ಆಪಾಗೆ ತುಟಿ ಕಾಣುವಂತೆ ಎದುರು ಬಂದು ಹೇಳಿದ: "ಭಾಬಿ, ಅಫಜಲಪುರದಾಗ ಪ್ರಿಂಟರ್ ನಿಂತದಂತ. ಆಳಂದಕ್ಕ ಏನೇನು ಕಳಿಸಬೇಕಂತ ನಿಮಗ ಕೇಳಾಕತ್ತಾರ."

ಆಪಾ ಪರದೆ ನೋಡಿ ಒಂದೊಂದೇ ಹೆಸರು ಹೇಳಿದರು. ಅವನು ಒಂದೊಂದನ್ನೇ ಫೋನಿನಲ್ಲಿ ಒದರಿದ. ಹೆಸರುಗಳು ಬಹಳ ಇದ್ದವು. ನಡುವೆ ಆಪಾ ಅವನ ಕಾಲುಗಳ ಕಡೆ ನೋಡಿ, ಸ್ಟೂಲನ್ನು ಮುಂದಕ್ಕೆ ಸರಿಸಿದರು.

"ಕೂಡು, ಬಾಬಾ. ಇನ್ನೂ ಹೆಸರು ಅದಾವ."

ಅವನು ಕೂತ.