ಕ್ಲಚ್ಚಿನ ಕಿರ್ರೂ ನನ್ನ ಕಿವಿಯೂ

ನನ್ನ ಕಿವಿಯ ಬಗ್ಗೆ ಮನೆಯಲ್ಲಿ ಒಳ್ಳೆಯ ಅಭಿಪ್ರಾಯವಿಲ್ಲ. ಕರೆದರೆ ಕೇಳಿಸುವುದಿಲ್ಲ, ಯಾರೂ ಕರೆಯದಿದ್ದಾಗ ಏನೇನೋ ಕೇಳಿಸುತ್ತದೆ ಎಂಬುದು ಹೆಂಡತಿ ಶಾರದೆಯ ದೂರು. ದೂರು ಸುಳ್ಳಲ್ಲ. ಬೇರೆಯವರು ಫ್ಯಾನಿನ ಕೆಳಗೆ ಕೂತು ಗಾಳಿ ತಗೊಳ್ಳುತ್ತಾರೆ. ನಾನು ಅದರ ಬೋಲ್ಟು ಸಡಿಲವಾಗುತ್ತಿರುವುದನ್ನು ಕೇಳುತ್ತಾ ಕೂರುತ್ತೇನೆ. ಆ ಫ್ಯಾನು ಹನ್ನೊಂದು ವರ್ಷದಿಂದ ಬಿದ್ದಿಲ್ಲ. ಬೀಳದಿರುವುದು ನಾನು ಕಾಯುತ್ತಿರುವುದರಿಂದಲೇ ಎಂದು ನನ್ನ ನಂಬಿಕೆ.

ಇಂಥವನು ಲಾರಿ ಇಟ್ಟುಕೊಳ್ಳಬಾರದು. ನಾನು ಇಟ್ಟುಕೊಂಡಿದ್ದೇನೆ, ನಾನೇ ಓಡಿಸುತ್ತೇನೆ. ಚನ್ನಗಿರಿಯಲ್ಲಿ ಮನೆ, ಆರು ಚಕ್ರದ ಹಳೇ ಗಾಡಿ, ಸುತ್ತಲ ನಾಲ್ಕು ತಾಲ್ಲೂಕಿನ ಬಾಡಿಗೆ. ಹೋದ ತಿಂಗಳು ಅದರ ಕ್ಲಚ್ಚು ಸವೆದು, ಏರು ಹತ್ತುವಾಗ ಇಂಜಿನ್ ಕೂಗಿದರೂ ಚಕ್ರ ಓಡದಂತಾಯಿತು. ಹೊನ್ನಾಳಿಯ ಗ್ಯಾರೇಜು ಸಾಲಿನ ಮೆಕ್ಯಾನಿಕ್ ಬಾಷಾ ಗೇರ್‌ಬಾಕ್ಸ್ ಇಳಿಸಿ, ಪ್ಲೇಟು, ಬೇರಿಂಗು ಎಲ್ಲ ಹೊಸದು ಹಾಕಿ, ಎರಡು ದಿನದಲ್ಲಿ ಗಾಡಿ ಕೈಗೆ ಕೊಟ್ಟ. ಬಾಷಾ ಮಾಡಿದ ಕೆಲಸ ವಾಪಸ್ ಬರುವುದಿಲ್ಲ ಎಂಬುದು ಆ ಸಾಲಿನ ಗ್ಯಾರೇಜುಗಳವರೆಲ್ಲ ಒಪ್ಪುವ ಮಾತು. ಅವನ ಆಸ್ತಿ ಅದೊಂದೇ.

ಮಾರನೆಯ ದಿನ ಗೊಬ್ಬರದ ಚೀಲ ಹೇರಿಕೊಂಡು ನ್ಯಾಮತಿಗೆ ಹೊರಟೆ. ತವರಿಗೆಂದು ಶಾರದೆಯೂ ಪಕ್ಕದಲ್ಲಿ ಕೂತಿದ್ದಳು. ಊರು ದಾಟುವ ಮೊದಲೇ ಕಾಲಿನ ಕೆಳಗಿಂದ ಸಣ್ಣಗೆ ಕಿರ್ರ್ ಎಂದಿತು. ಹಗಲಿನಲ್ಲಿ ದಾರಿ ತಪ್ಪಿ ಬಂದ ಜೀರುಂಡೆಯ ಹಾಗೆ.

"ಕೇಳ್ತಾ?" ಅಂದೆ.

"ಏನೂ ಇಲ್ಲ. ನಿಮಗೆ ಅಕ್ಕಿಯೊಳಗಿನ ಹುಳ ಉಸಿರಾಡಿದ್ದೂ ಕೇಳ್ತೈತೆ. ಮುಂದೆ ನೋಡಿ ಓಡಸ್ರಿ."

ಮುಂದೆ ನೋಡಿದರೆ ಭಯ ಇನ್ನೂ ಹೆಚ್ಚಾಯಿತು. ಮುಂದೆ ಇದ್ದದ್ದು ನಾಳೆ. ನಾಳೆ ಬೆಳಿಗ್ಗೆ ಜಗಳೂರು ಕಡೆಯ ಬಿಳಿಚೋಡಿಗೆ ಹೋಗಿ ಸಿದ್ದಣ್ಣನ ಕುರಿ ಹೇರಬೇಕಿತ್ತು. ಸಿದ್ದಣ್ಣನ ಮಂದೆ ವರ್ಷಕ್ಕೊಮ್ಮೆ ಹೊನ್ನಾಳಿ ಕಡೆಯ ಹೊಲಗಳಿಗೆ ಬಂದು ನಿಲ್ಲುತ್ತದೆ. ಹೊಲಕ್ಕೆ ಗೊಬ್ಬರ, ಕುರಿಗೆ ಮೇವು. ಗಟ್ಟಿ ಕುರಿಗಳು ನಡೆದೇ ಬರುತ್ತವೆ. ತುಂಬು ಗಬ್ಬದವೂ, ಮೊನ್ನೆ ಈದವೂ, ಅವುಗಳ ಎಳೆ ಮರಿಗಳೂ ನನ್ನ ಲಾರಿಯಲ್ಲಿ. ನಡುದಾರಿಯ ಬಿಸಿಲಲ್ಲಿ ಗಾಡಿ ಕೆಟ್ಟು ನಿಂತರೆ ಮರಿಗಳು ಸಂಜೆ ಕಾಣುವುದಿಲ್ಲ.

ನ್ಯಾಮತಿಯಿಂದಲೇ ಬಾಷಾನಿಗೆ ಫೋನು ಹಚ್ಚಿದೆ. ಅವನ ಕೈಗೆ ಗ್ರೀಸು, ಫೋನು ಸ್ಪೀಕರಿನಲ್ಲಿ. "ಬಾಷಾ, ನಿನ್ನ ಕ್ಲಚ್ಚು ಸದ್ದು ಮಾಡ್ತೈತೆ" ಎಂದು ನಾನು ಕೂಗಿದ್ದು ಇಡೀ ಗ್ಯಾರೇಜು ಸಾಲಿಗೆ ಕೇಳಿತು. ಹಿಂದೆ ಯಾರೋ ನಕ್ಕರು. ಬಾಷಾ ಸ್ಪೀಕರು ಆರಿಸದೆಯೇ ಉತ್ತರ ಕೊಟ್ಟ.

"ಇವತ್ತು ಇನ್ನೊಂದು ಗಾಡಿ ಬಿಚ್ಚಿ ಕುಂತೀನಿ ರುದ್ರಣ್ಣ. ನಾಳೆ ಸಂಜೆ ತಗಂಡು ಬರ್ರಿ. ಮತ್ತೆ ಗೇರ್‌ಬಾಕ್ಸ್ ಇಳಿಸಾಣ. ನನ್ನ ತಪ್ಪಿದ್ರೆ ನನ್ನ ತಪ್ಪು."

ಬೈದಿದ್ದರೆ ವಾಸಿಯಿತ್ತು. ಅಷ್ಟು ತಣ್ಣಗೆ ಅಂದದ್ದು ನನ್ನೊಳಗೆ ಮುಳ್ಳಿನಂತೆ ಕೂತಿತು.

ಹಿಂದಿನ ಕಾಲದ ನಾಟಿ ವೈದ್ಯರು ನೋವು ಎಲ್ಲಿ ಎನ್ನುವುದಕ್ಕಿಂತ ಯಾವಾಗ ಎಂದು ಹೆಚ್ಚು ಕೇಳುತ್ತಿದ್ದರಂತೆ. ಉಂಡ ಮೇಲೋ, ಉಣ್ಣುವ ಮುಂಚೆಯೋ? ಕೂತಾಗಲೋ, ಎದ್ದಾಗಲೋ? ಗಾಡಿಯ ಸದ್ದಿಗೂ ಇದೇ ಶಾಸ್ತ್ರ. ಪೆಡಲ್ ಪೂರ್ತಿ ಒತ್ತಿದಾಗ ಕೂಗಿದರೆ ಕ್ಲಚ್ಚಿನ ಬೇರಿಂಗಿನ ಮೇಲೆ ಅನುಮಾನ. ಕಾಲು ತೆಗೆದಾಗ ಕೂಗಿ, ಪೂರ್ತಿ ಒತ್ತಿದಾಗ ಮಾತ್ರ ಸುಮ್ಮನಾದರೆ ಗೇರ್‌ಬಾಕ್ಸಿನ ಕಡೆ ಕಣ್ಣು. ಆವತ್ತಿನವರೆಗೆ ನನ್ನ ಗಾಬರಿಗೆ ಶಾಸ್ತ್ರವೇ ಇರಲಿಲ್ಲ. ಎಲ್ಲ ಹೊತ್ತಿನಲ್ಲೂ ಎಲ್ಲದಕ್ಕೂ ಹೆದರುವುದಷ್ಟೇ ಗೊತ್ತಿತ್ತು. ಬಿಳಿಚೋಡಿಗೆ ಹೊರಡುವ ಮುನ್ನ, ಮನೆ ಮುಂದೆ ಇಂಜಿನ್ ಚಾಲೂ ಮಾಡಿ, ಮೊದಲ ಬಾರಿಗೆ ಕ್ರಮವಾಗಿ ಹೆದರಿದೆ.

ಕಾಲು ತೆಗೆದೆ: ಕಿರ್ರ್. ಪೂರ್ತಿ ಒತ್ತಿದೆ: ಇಲ್ಲ. ಗೇರ್‌ಬಾಕ್ಸೇ ಹೋಯಿತು ಎಂದುಕೊಂಡೆ. ಮತ್ತೆ ಕಾಲು ತೆಗೆದು, ಚಪ್ಪಲಿ ಬಿಟ್ಟು, ಬರಿಗಾಲಿನ ಹೆಬ್ಬೆರಳನ್ನು ಪೆಡಲಿನ ಮೇಲೆ ಸುಮ್ಮನೆ ಇಟ್ಟೆ. ಒತ್ತಲಿಲ್ಲ, ಇಟ್ಟೆ ಅಷ್ಟೇ. ಸದ್ದು ನಿಂತಿತು! ಗೇರ್‌ಬಾಕ್ಸಿನ ರೋಗ ಹೆಬ್ಬೆರಳಿಗೆ ಹೆದರುವುದಿಲ್ಲ. ಅಂದರೆ, ಕಾಲು ತೆಗೆದಾಗ ದೂರ ಇರಬೇಕಾದ ಹೊಸ ಬೇರಿಂಗು ಕ್ಲಚ್ಚಿಗೆ ಅರೆಬರೆ ತಾಗಿಕೊಂಡೇ ತಿರುಗಿ ಕೂಗುತ್ತಿದೆ; ಹೆಬ್ಬೆರಳಿನ ಭಾರ ಬಿದ್ದರೆ ಒತ್ತಿ ಕೂತು ಸುಮ್ಮನಾಗುತ್ತಿದೆ. ತಾಗುವುದೇಕೆ? ಪೆಡಲಿಗೆ ಇರಬೇಕಾದ ಸಡಿಲ ಇಲ್ಲ. ಸಡಿಲ ಎಲ್ಲಿ ಹೋಯಿತು?

ನಿಮಗೆ ಒಂದು ಮಾತು ಹೇಳಿರಲಿಲ್ಲ. ಹೊನ್ನಾಳಿಯಿಂದ ಗಾಡಿ ತಂದ ಸಂಜೆ ಪೆಡಲು ಮೇಲುಗಡೆ ಎರಡು ಬೆರಳಿನಷ್ಟು ಲೊಡಲೊಡ ಆಡುತ್ತಿತ್ತು. ಸವೆದ ಕ್ಲಚ್ಚಿನಲ್ಲಿ ಆ ಆಟ ಎಂದೋ ಮುಗಿದುಹೋಗಿತ್ತು; ಮುಟ್ಟಿದ ಕೂಡಲೇ ಬಿಗಿ, ಅದೇ ನನಗೆ ರೂಢಿ. ಬಾಷಾ ನಟ್ಟು ಬಿಗಿಯಲು ಮರೆತಿದ್ದಾನೆ ಎಂದು ದಿಗಿಲಾಗಿ, ಕೆಳಗೆ ತೂರಿ, ಪೆಡಲಿನ ಕಡ್ಡಿಯ ನಟ್ಟನ್ನು ನಾನೇ ಬಿಗಿ ಮಾಡಿದ್ದೆ. ಬಿಗಿ ಇದ್ದರೆ ಭದ್ರ ಎಂಬುದು ನನ್ನ ಬಾಳಿನ ಸಿದ್ಧಾಂತ. ಅವನು ಅಳತೆ ಮಾಡಿ ಬಿಟ್ಟಿದ್ದ ಸಡಿಲವನ್ನು ನಾನು ಸ್ಪ್ಯಾನರಿನಿಂದ ತಿಂದುಹಾಕಿದ್ದೆ. ಮಾಡಿದ್ದುಣ್ಣೋ ಮಹಾರಾಯ.

ನಟ್ಟು ಹಿಂದಕ್ಕೆ ತಿರುಗಿಸಿದೆ. ಎರಡು ಬೆರಳು ಆಟ ಬಂತು, ಜೀರುಂಡೆ ಹೋಯಿತು. ಶಾಲೆಯಲ್ಲಿ ಲೆಕ್ಕ ಸರಿಬಂದಾಗಲೂ ಇಷ್ಟು ಹಿಗ್ಗಿರಲಿಲ್ಲ. ಬಿಳಿಚೋಡಿನಿಂದ ಹೊನ್ನಾಳಿಯವರೆಗೆ ಕುರಿಗಳ ಬ್ಯಾ ಬ್ಯಾ ಬಿಟ್ಟರೆ ಬೇರೆ ಸದ್ದಿಲ್ಲ. ಒಂದು ಮರಿಗೂ ಬಿಸಿಲು ತಾಗದಂತೆ ಹೊಲಕ್ಕೆ ಇಳಿಸಿದೆ.

ಉಳಿದದ್ದು ಕಷ್ಟದ ಕೆಲಸ. ಸದ್ದು ತಾನಾಗಿಯೇ ಹೋಯಿತು ಎಂದು ಫೋನಿನಲ್ಲಿ ಅಂದುಬಿಡಬಹುದಿತ್ತು. ಆದರೆ ಸಂಜೆ ಗಾಡಿ ತಗೊಂಡೇ ಹೋದೆ. ಗ್ಯಾರೇಜಿನ ಮುಂದೆ ಬಾಷಾ ಜಾಕು, ಸರಪಳಿ ಎಲ್ಲ ಸಾಲಾಗಿ ಜೋಡಿಸಿಟ್ಟು ಕೂತಿದ್ದ. ಪಕ್ಕದವರು ನೋಡಲು ಬಂದು ನಿಂತಿದ್ದರು. ಕೂಗಿದ್ದು ಎಲ್ಲರಿಗೂ ಕೇಳುವಂತೆ. ಒಪ್ಪಿಕೊಳ್ಳುವುದೂ ಹಾಗೇ ಆಗಬೇಕು. ಇಳಿಯುವ ಮೊದಲೇ ಹೇಳಿದೆ: "ಕೆಲಸ ನಿಂದು ಸರಿ ಐತೆ ಬಾಷಾ. ನಟ್ಟು ಬಿಗಿ ಮಾಡಿದ್ದು ನಾನು."

ಬಾಷಾ ಕ್ಯಾಬಿನ್ ಹತ್ತಿ ಪೆಡಲಿಗೆ ಎರಡು ಬೆರಳಿಟ್ಟು ನೋಡಿದ. "ಕರೆಕ್ಟಾಗೈತೆ. ಯಾರು ಕಲಿಸಿದ್ರು?"

"ಯಾರೂ ಇಲ್ಲ. ಕೆಡಿಸಿ ಕಲ್ತೆ."

"ನಾವೆಲ್ಲ ಇನ್ನೆಂಗೆ ಕಲ್ತೀವಿ ಅನ್ಕೊಂಡೀರಿ?" ಎಂದು ನಕ್ಕ. ಸಾಲೆಲ್ಲ ನಕ್ಕಿತು. ಅಷ್ಟು ಜನ ನಗುತ್ತಿರುವಾಗ ನಾನು ಅಷ್ಟು ಎದೆ ಉಬ್ಬಿಸಿ ನಿಂತದ್ದು ಅದೇ ಮೊದಲು.

ಮೊನ್ನೆ ಬಾಷಾ ತಾನೇ ಫೋನು ಮಾಡಿದ. "ರುದ್ರಣ್ಣ, ಇಲ್ಲೊಬ್ರು ಲಾರಿಯವರು, ಕ್ಲಚ್ ಹಾಕಿ ಮೂರು ದಿನ, ಏನೋ ಸದ್ದಂತೆ. ನೀವೇ ಸ್ವಲ್ಪ ಕೇಳ್ರಿ" ಎಂದು ಫೋನನ್ನು ಅವರ ಕೈಗೆ ಕೊಟ್ಟ. ನನ್ನ ಕಿವಿಯನ್ನು ಜನ ಹುಡುಕಿಕೊಂಡು ಬಂದರು ಎಂದು ಶಾರದೆಗೆ ಕೇಳುವಂತೆ ಗಂಟಲು ಸರಿಮಾಡಿಕೊಂಡೆ. ಸದ್ದು ಒತ್ತಿದಾಗಲೋ, ಬಿಟ್ಟಾಗಲೋ ಎಂಬುದನ್ನೆಲ್ಲ ಆಮೇಲಕ್ಕಿಟ್ಟು, "ಗಾಡಿ ಮನೆಗೆ ತಂದ ಮೇಲೆ ನೀವೇನಾದ್ರೂ ಮುಟ್ಟಿದ್ರಾ?" ಎಂದು ಕೇಳಿದೆ.

ಆ ಕಡೆ ಬಹಳ ಹೊತ್ತು ಮಾತಿಲ್ಲ. ನನ್ನ ಕಿವಿಗೆ ಅಷ್ಟು ಸಾಕಾಯಿತು.