ನನ್ನ ತಲೆ ಮುಟ್ಟಿ ಕೊಂಡ ಹೊಲ

ನಮ್ಮಪ್ಪ ಎತ್ತಿದ ಕೈಯನ್ನು ಸುಮ್ಮನೆ ಇಳಿಸಿದವನಲ್ಲ. ಅಮ್ಮನಿಗೆ, ಎತ್ತಿಗೆ, ನನಗೆ, ಎಲ್ಲರಿಗೂ ಒಂದೇ ಬಾರುಕೋಲು. ಅಂಥವನನ್ನು ನಂಬಿ ದೊಡ್ಡಪ್ಪ ಹೊಲ ಕೊಂಡರಲ್ಲ, ನೆನೆಸಿಕೊಂಡರೆ ಇವತ್ತಿಗೂ ನನ್ನ ಹೊಟ್ಟೆ ಉರಿಯುತ್ತದೆ.

ದೊಡ್ಡಪ್ಪ ಅಂದರೆ ಅಪ್ಪನ ಸ್ವಂತ ಅಣ್ಣ. ಹದಿನಾರನೇ ವಯಸ್ಸಿಗೇ ಮಲಯಾಕ್ಕೆ ಹಡಗು ಹತ್ತಿ, ಅಲ್ಲಿ ರೈಲ್ವೆಯಲ್ಲಿ ದುಡಿದು, ಆ ದೇಶದ ಪ್ರಜೆಯೇ ಆಗಿಬಿಟ್ಟಿದ್ದರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿಲ್ಲ. ರಿಟೈರಾದ ಮೇಲೆ, ಎಂಬತ್ತರ ದಶಕದ ಮೊದಲಲ್ಲಿ, ನಮ್ಮೂರು ಧಾರಾಪುರಕ್ಕೆ ವಾಪಸ್ಸು ಬಂದರು. ಅಮರಾವತಿ ಹೊಳೆಯ ಹತ್ತಿರ ಎರಡು ಎಕರೆ ಹೊಲ, ಒಂದು ಬಾವಿ, ಪಕ್ಕದಲ್ಲೇ ಸಣ್ಣ ಹೆಂಚಿನ ಮನೆ. ಸಾಯುವವರೆಗೆ ಅಲ್ಲಿರಬೇಕು, ಅಷ್ಟೇ ಅವರ ಆಸೆ. ಕ್ರಯಪತ್ರ ಬರೆಯುವವನು ಪಾಸ್‌ಪೋರ್ಟ್ ನೋಡಿದವನೇ ತಲೆ ಅಲ್ಲಾಡಿಸಿದ. ಹೊರದೇಶದವರ ಹೆಸರಿಗೆ ಹೊಲ ಬರೆಯುವ ಹಾಗಿಲ್ಲವಂತೆ.

ಹಾಗಾಗಿ ದುಡ್ಡು ದೊಡ್ಡಪ್ಪನದು, ಹೆಸರು ಅಪ್ಪನದು. "ಒಂದು ಚೀಟಿನಾದ್ರೂ ಬರ್ಸ್ಕೊಳ್ಳಿ ಭಾವ" ಎಂದಳು ಅಮ್ಮ.

"ಥೂ! ಕೂಡ ಹುಟ್ಟಿದವನ ಹತ್ರ ಚೀಟಿನಾ?" ಎಂದುಬಿಟ್ಟರು ದೊಡ್ಡಪ್ಪ.

ನಮ್ಮವರಲ್ಲಿ ಅಣ್ಣತಮ್ಮಂದಿರ ನಡುವೆ ಕಾಗದ ಬಂತೆಂದರೆ ಮಾನ ಹೋದ ಹಾಗೆ. ಕಾಗದಕ್ಕೆ ಬದಲು ಆಣೆ. ಮನೆದೇವರ ಮುಂದೆ ಕರ್ಪೂರ ಹಚ್ಚಿ, ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟ. "ಹೆತ್ತ ಮಗಳ ಮೇಲಾಣೆ ಅಣ್ಣಾ, ಈ ಮಣ್ಣು ನಿಂದೇ." ಆಣೆ ಸುಳ್ಳಾದರೆ ಯಾರ ತಲೆ ಮುಟ್ಟಿದ್ದರೋ ಅವರು ಬದುಕುವುದಿಲ್ಲ ಎಂದು ನಮ್ಮ ನಂಬಿಕೆ. ನನಗಾಗ ಹದಿನಾಲ್ಕು.

ಮೂರು ವರ್ಷ ದೊಡ್ಡಪ್ಪ ರಾಜನ ಹಾಗಿದ್ದರು. ಲುಂಗಿ ಎತ್ತಿ ಕಟ್ಟಿ ಬದನೆ ಗಿಡಕ್ಕೆ ನೀರು ಹಾಯಿಸುತ್ತಾ, ನನಗೆ ಮಲಯಾದ ಮಳೆಯ ಕತೆ ಹೇಳುತ್ತಾ. ಆಮೇಲೆ ತಿರುಪ್ಪೂರಿನಿಂದ ಒಬ್ಬ ಮುದಲಾಳಿ, ದುಡ್ಡಿದ್ದ ಯಜಮಾನ, ಬಂದ. ಬನಿಯನ್ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗೆ ಅವನಿಗೆ ಯಾವತ್ತೂ ಬತ್ತದ ಬಾವಿ ಬೇಕಿತ್ತು. ಅಪ್ಪ ಅಣ್ಣನನ್ನು ಕೇಳದೆಯೇ ಹೊಲ ಮಾರಲು ಒಪ್ಪಿಕೊಂಡ.

ಮುದಲಾಳಿಯ ಕಡೆಯವರು ಹೊಲದ ಅಳತೆಗೆ ಬಂದ ದಿನ ದೊಡ್ಡಪ್ಪ ಬದುವಿನ ಮೇಲೆ ಅಡ್ಡ ನಿಂತರು. ಅಪ್ಪ ಬಾರುಕೋಲು ತೆಗೆದು ಬೆನ್ನಿಗೆ ಬಾರಿಸಿದ. ಬಿದ್ದವರನ್ನು ಒದ್ದ. ಕನ್ನಡಕ ಒಡೆದು ಹುಬ್ಬಿನಿಂದ ರಕ್ತ ಸುರಿಯಿತು. ಊರೇ ಸೇರಿತು.

"ಮಗಳ ತಲೆ ಮುಟ್ಟಿ ಹೇಳೋ, ಈ ಮಣ್ಣು ಯಾರ್ದು?" ಎಂದರು ದೊಡ್ಡಪ್ಪ. ತಮ್ಮ ಅಷ್ಟು ದೂರ ಹೋಗಲಾರ ಎಂದುಕೊಂಡಿದ್ದರು, ಪಾಪ.

ಅಪ್ಪ ಜಡೆ ಹಿಡಿದು ನನ್ನನ್ನು ಎಳೆತಂದು ತಲೆಯ ಮೇಲೆ ಕೈ ಒತ್ತಿದ. "ನಂದು! ನಾನು ದುಡ್ಡು ಕೊಟ್ಟು ಕೊಂಡಿದ್ದು."

ಅಲ್ಲ, ಸಾಯುವವಳು ನಾನು ತಾನೇ! ಹೆದರಿಕೆಗಿಂತ ಮೊದಲು ರೋಷ ಉಕ್ಕಿತು. ಆ ಕೈ ಎಳೆದು ರಕ್ತ ಬರುವ ಹಾಗೆ ಕಚ್ಚಿದೆ. "ಸುಳ್ಳು! ದೊಡ್ಡಪ್ಪಂದು! ಅವತ್ತೂ ನನ್ ತಲೆ ಮುಟ್ಟೇ ಹೇಳಿದ್ದೆ ನೀನು!"

ಬಾರುಕೋಲು ನನ್ನ ಕಡೆ ತಿರುಗಿತು. ಮುಖಕ್ಕೆ, ಬೆನ್ನಿಗೆ, ಮೊಣಕೈಗೆ. ಎಡಗೈ ಮೂಳೆ ಮುರಿದ ಸದ್ದು ನನಗೇ ಕೇಳಿಸಿತು. ಊರವರು ಒಬ್ಬರೂ ಅಲ್ಲಾಡಲಿಲ್ಲ. ಮಗಳನ್ನು ಹೊಡೆಯುವ ಅಪ್ಪನನ್ನು ಯಾರು ತಡೆಯುತ್ತಾರೆ? ದೊಡ್ಡಪ್ಪ ತೆವಳಿಕೊಂಡು ಬಂದು ನನ್ನ ಮೇಲೆ ಬಿದ್ದು ಏಟು ತಿಂದರು.

"ಸಾಕು ಬಿಡಪ್ಪಾ. ಮಣ್ಣು ನಿಂದೇ. ಸುಳ್ಳು ಹೇಳಿದವನು ನಾನು. ಎಲ್ರೂ ಕೇಳಿ, ನಾನೇ ಸುಳ್ಳ!"

ಅಮ್ಮ ಆಮೇಲೆ ಬಿಡಿಸಿ ಹೇಳಿದಳು. ತಾವು ಸುಳ್ಳರಾದರೆ ಅಪ್ಪನ ಆಣೆ ನಿಜವಾಗುತ್ತದೆ, ನಾನು ಬದುಕುತ್ತೇನೆ ಎಂದು ಹಾಗೆಂದರಂತೆ.

ಅದೇ ವಾರ ಅವರು ಮಲಯಾಕ್ಕೆ ಹೊರಟರು. ಕೈಗೆ ಕಟ್ಟು ಹಾಕಿಕೊಂಡು ನಾನೂ ಅಮ್ಮನೂ ಬಸ್ ಸ್ಟ್ಯಾಂಡಿಗೆ ಹೋದೆವು. "ನೂರು ವರ್ಷ ಬಾಳು, ನನ್ ಕಣ್ಣು" ಎಂದು ದೊಡ್ಡಪ್ಪ ನನ್ನ ತಲೆಯ ಕಡೆ ಕೈ ಚಾಚಿದರು. ನಾನು ಕಿರುಚಿ, ಮುರಿದ ಕೈಯನ್ನೇ ತಲೆಗೆ ಅಡ್ಡ ಹಿಡಿದು ಕುಸಿದು ಕೂತೆ.

ಅವರು ಮುಟ್ಟಲಿಲ್ಲ. ಕೈ ಹಿಂದಕ್ಕೆ ತೆಗೆದುಕೊಂಡು ಬಸ್ಸು ಹತ್ತಿದರು.